ಐವತ್ತಕ್ಕೆ ಅಂಟಿಕೊಂಡ ‘ಆಡ್’

ಸಂಗಮೇಶನ ಗುರುವಾರವನ್ನು ಕೆಡಿಸಿದ್ದು ಮೂರೇ ಮೂರು ಅಕ್ಷರದ ಒಂದು ಇಂಗ್ಲಿಷ್ ಪದ.

ಸಂಗಮೇಶ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಳತೆ ವಿಭಾಗದ ಮುಖ್ಯಸ್ಥ. ಕಾರ್ಖಾನೆಯಲ್ಲಿ ತಯಾರಾದ ಪ್ರತಿ ತುಂಡು ಉಕ್ಕೂ ಅವನ ಕೈದಾಟಿಯೇ ಹೊರಗೆ ಹೋಗಬೇಕು. ಕೂದಲೆಳೆಯ ಹತ್ತನೇ ಒಂದು ಭಾಗ ಹೆಚ್ಚು ಕಡಿಮೆಯಾದರೂ ಅವನು ಅದನ್ನು ವಾಪಸ್ಸು ಕಳಿಸುತ್ತಿದ್ದ. ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿ ಮಾಡಿ, ಅಂದಾಜು ಎಂಬ ಮಾತು ಕಿವಿಗೆ ಬಿದ್ದರೆ ಅವನಿಗೆ ಅಕ್ಕಿಯಲ್ಲಿ ಕಲ್ಲು ಕಡಿದಂತಾಗುತ್ತಿತ್ತು. ಹೆಂಡತಿ ಆಶಾರಾಣಿ “ಬರ್ತಾ ಸ್ವಲ್ಪ ಕೊತ್ತಂಬರಿ ತನ್ನಿ” ಎಂದರೆ “ಸ್ವಲ್ಪ ಅಂದ್ರೆ ಎಷ್ಟು?” ಎಂದು ಕೇಳಿ, ಉತ್ತರ ಸಿಗುವವರೆಗೆ ಬಾಗಿಲಲ್ಲೇ ನಿಲ್ಲುತ್ತಿದ್ದ. ಆಕೆ ಈಗೀಗ ಕೊತ್ತಂಬರಿಯನ್ನು ತಾನೇ ತಂದುಕೊಳ್ಳುತ್ತಿದ್ದಳು.

ಇಂಥವನು ಜಾಲಹಳ್ಳಿ ಆಚೆಯ ‘ನಂದಾದೀಪ’ ಅಪಾರ್ಟ್‌ಮೆಂಟಿನ ಸಂಘಕ್ಕೆ ಕಾರ್ಯದರ್ಶಿಯಾದದ್ದು, ಚುನಾವಣೆಯ ದಿನ ಊರಿನಲ್ಲಿ ಇರದಿದ್ದ ಒಂದೇ ಕಾರಣಕ್ಕೆ. ದಾವಣಗೆರೆಯಲ್ಲಿ ಭಾವಮೈದುನನ ಗೃಹಪ್ರವೇಶ ಮುಗಿಸಿ ಬರುವಷ್ಟರಲ್ಲಿ ಅವನು ಅವಿರೋಧವಾಗಿ ಆಯ್ಕೆಯಾಗಿದ್ದ.

ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ಚರಂಡಿ. ಅದರ ಮೇಲಿನ ಚಪ್ಪಡಿ ಮುರಿದು ಎಂಟು ತಿಂಗಳಾಗಿತ್ತು. ಎರಡನೇ ಮಹಡಿಯ ಗೌರಮ್ಮ ಸೊಪ್ಪು ಕೊಂಡು ಬರುವಾಗ ಸೊಂಟದವರೆಗೆ ಅದರೊಳಗೆ ಇಳಿದಿದ್ದರು. ಊಟ ತಂದುಕೊಡುವ ಹುಡುಗರು ಗುಂಡಿಯ ಆಚೆಯೇ ನಿಂತು “ಸಾರ್, ಕೈ ಚಾಚಿ” ಎನ್ನುತ್ತಿದ್ದರು. ಸಂಗಮೇಶ ಟೇಪು ಹಿಡಿದು ಗುಂಡಿಯನ್ನು ಅಳೆದ. ಅಗಲ ಆರುನೂರ ನಲವತ್ತು ಮಿಲಿಮೀಟರ್, ಆಳ ಸಾವಿರದ ನೂರ ಇಪ್ಪತ್ತು. ಮನೆಮನೆಗೆ ಹೋಗಿ ಐವತ್ಮೂರು ಸಹಿ ಹಾಕಿಸಿ ವಾರ್ಡಿನ ಆಫೀಸಿಗೆ ಅರ್ಜಿ ಕೊಟ್ಟ. ಅರ್ಜಿ ಅಲ್ಲಿಯೇ ಮಲಗಿತು. ಕೊನೆಗೆ ಒಂದು ಇಂಗ್ಲಿಷ್ ಪತ್ರಿಕೆಗೆ ಫೋನು ಮಾಡಿದ. ಸ್ಫೂರ್ತಿ ಎಂಬ ಚುರುಕಾದ ವರದಿಗಾರ್ತಿ ಬಂದಳು, ಕಾಫಿ ಕುಡಿದಳು, ಅವನು ಹೇಳಿದ ಅಳತೆಗಳನ್ನೆಲ್ಲ ಬರೆದುಕೊಂಡು ಹೋದಳು.

ಗುರುವಾರ ಬೆಳಿಗ್ಗೆ ಸುದ್ದಿ ಮೂರನೇ ಪುಟದಲ್ಲಿ ಬಂದಿತ್ತು. ಸಂಗಮೇಶ ಕನ್ನಡಕ ಏರಿಸಿಕೊಂಡು ಓದಿದ. ಜಾಲಹಳ್ಳಿ ಕಡೆಯ ಒಂದು ಅಪಾರ್ಟ್‌ಮೆಂಟಿನ ಬಳಿ ಒಂದು ತರಹದ ಗುಂಡಿಯಂಥದ್ದೇನೋ ಸಾಕಷ್ಟು ಕಾಲದಿಂದ ಇದೆ ಎನ್ನಲಾಗಿದೆ. ಅದು ತಕ್ಕಮಟ್ಟಿಗೆ ಆಳವಾಗಿದೆಯಂತೆ. ಅಲ್ಲಿನ ‘ಫಿಫ್ಟಿ ಆಡ್ ರೆಸಿಡೆಂಟ್ಸ್’ ಇದರಿಂದ ಒಂದಲ್ಲ ಒಂದು ರೀತಿಯ ತೊಂದರೆ ಅನುಭವಿಸುತ್ತಿದ್ದಾರೆಂದು ಬಲ್ಲ ಮೂಲಗಳು ತಿಳಿಸಿವೆ. ಪಕ್ಕದ ಬೀದಿಯಲ್ಲೂ ‘ಸೆವೆರಲ್ ರೆಸಿಡೆಂಟ್ಸ್’ ಇಂಥದ್ದೇ ದೂರು ಹೇಳುತ್ತಾರಂತೆ.

“ತಕ್ಕಮಟ್ಟಿಗಂತೆ” ಎಂದ ಸಂಗಮೇಶ. “ಮಿಲಿಮೀಟರಲ್ಲಿ ಕೊಟ್ಟಿದ್ನಲ್ಲೇ. ಐವತ್ಮೂರು ಅಂತ ಎರಡು ಸಲ ಹೇಳಿದೆ. ಐವತ್ತು ಚಿಲ್ಲರೆ ಮಾಡಿಟ್ಟಿದಾಳೆ.”

“ಬಂತಲ್ಲ, ಅದೇ ದೊಡ್ಡದು” ಎಂದಳು ಆಶಾರಾಣಿ.

ಆಕೆಯ ಮಾತು ನಿಜವೆನ್ನುವಂತೆ ಅಷ್ಟರಲ್ಲೇ ಫೋನು ಬಂತು. ವಾರ್ಡಿನ ಎಂಜಿನಿಯರ್ ಶಶಿಕುಮಾರ್. “ಏನ್ ಸಾರ್, ಪೇಪರಿಗೆಲ್ಲ ಹೋಗ್ಬಿಟ್ಟಿದೀರಾ. ಮೇಲಿಂದ ಫೋನ್ ಬಂತು. ಇವತ್ತು ಐದು ಗಂಟೆಗೆ ನಾನೇ ಚಪ್ಪಡಿ ಲಾರಿ ತಗೊಂಡು ಬರ್ತೀನಿ. ಹತ್ತು ನಿಮಿಷದ ಕೆಲಸ. ಆದ್ರೆ ನಿವಾಸಿಗಳ ಜೊತೆ ಫೋಟೊ ಬೇಕು. ಒಂದಷ್ಟು ಜನ ಕೆಳಗಿರಲಿ.”

“ಒಂದಷ್ಟು ಅಂದ್ರೆ ಎಷ್ಟು ಸಾರ್?”

“ಒಂದಷ್ಟು ಅಂದ್ರೆ ಒಂದಷ್ಟು ಕಣ್ರೀ. ಖಾಲಿ ರೋಡಿಗೆ ಚಪ್ಪಡಿ ಹಾಕ್ದೆ ಅಂತ ಆಗ್ಬಾರ್ದು. ಜನ ಇಲ್ಲ ಅಂದ್ರೆ ಲಾರಿ ವಾಪಸ್.”

ಎಂಟು ತಿಂಗಳ ಗುಂಡಿ ಎಂಟು ಗಂಟೆಯಲ್ಲಿ ಮುಚ್ಚುತ್ತದೆಂದು ಸಂಗಮೇಶ ಮದುಮಗನಂತೆ ಮೆಟ್ಟಿಲಿಳಿದ. ಕೆಳಗೆ ಕಾವಲುಗಾರ ಹಣಮಂತ ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದ. ಅವನು ಬಾಗಲಕೋಟೆ ಕಡೆಯವನು.

“ಸಾಹೇಬ್ರ, ನನಗ ಮೊದಲ ಹೇಳಬೇಕಿತ್ರಿ. ಐವತ್ತ ಆಡು ಎಲ್ಲಿ ಕಟ್ಲಿರಿ? ಕಾರ್ ನಿಲ್ಲಾಕ ಜಾಗ ಇಲ್ಲ.”

“ಯಾವ ಆಡು?”

“ಪೇಪರನ್ಯಾಗ ಬಂದೈತಂತಲ್ರಿ, ನಮ್ಮ ಅಪಾರ್ಟ್‌ಮೆಂಟ್‌ನ್ಯಾಗ ಫಿಫ್ಟಿ ಆಡು ಅದಾವಂತ. ಮಾಸ್ತರು ಓದಿ ಹೇಳಿದ್ರಿ.”

ಮಾಸ್ತರು ಎಂದರೆ ಸಂಘದ ಅಧ್ಯಕ್ಷ ಮುರಿಗೆಪ್ಪನವರು. ಗದಗದ ಹೈಸ್ಕೂಲಿನಲ್ಲಿ ಮೂವತ್ನಾಲ್ಕು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ, ಮಗನ ಜೊತೆ ಇಲ್ಲಿದ್ದರು. ಮುಂಜಾನೆ ಪತ್ರಿಕೆಯನ್ನು ಕೆಂಪು ಪೆನ್ನು ಹಿಡಿದೇ ಓದುವುದು ಅವರ ಅಭ್ಯಾಸ. ಅವರು ಆಗಲೇ ಲಿಫ್ಟಿನ ಮುಂದೆ ಏಳೆಂಟು ಜನರನ್ನು ಸೇರಿಸಿಕೊಂಡು ತರಗತಿ ನಡೆಸುತ್ತಿದ್ದರು.

“ಬರ್ರಿ ಸೆಕ್ರೆಟರಿ ಸಾಹೇಬ್ರ” ಎಂದರು. “ಆಡ್ ಅಂದ್ರೇನ್ರಿ?”

“ಹೆಚ್ಚುಕಡಿಮೆ ಅಂತ ಸಾರ್.”

“ತಪ್ಪು. ಫಿಫ್ಟಿಗೂ ಆಡ್‌ಗೂ ನಡುವ ಒಂದು ಸಣ್ಣ ಗೆರಿ ಇದ್ರ ಹೆಚ್ಚುಕಡಿಮಿ. ಗೆರಿ ಇಲ್ಲಂದ್ರ ವಿಚಿತ್ರ. ಇಲ್ಲಿ ಗೆರಿ ಎಲ್ಲೈತಿ ತೋರಸ್ರಿ.”

ಸಂಗಮೇಶ ಪತ್ರಿಕೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಗೆರೆ ಇರಲಿಲ್ಲ.

“ಅಂದ್ರ ಈ ಅಪಾರ್ಟ್‌ಮೆಂಟ್‌ನ್ಯಾಗ ಐವತ್ತು ಮಂದಿ ವಿಚಿತ್ರ ಮನುಷ್ಯರು ಅದಾರ ಅಂತ ಇಡೀ ಬೆಂಗಳೂರಿಗೆ ಸಾರಿದಂಗಾತು. ಸಹಿ ಮಾಡಿದವರು ನಾವು. ಆ ಐವತ್ತು ಮಂದಿ ಯಾರು?”

ಮೂರನೇ ಮಹಡಿಯ ಗುರುರಾಜ್ ಮುಂದೆ ಬಂದ. ಅವನದು ವೈಟ್‌ಫೀಲ್ಡಿನ ಕಂಪನಿಯಲ್ಲಿ ಕೆಲಸ, ಈ ದಿನ ಮನೆಯಿಂದಲೇ. “ಸಾರ್, ಭಾನುವಾರ ನಮ್ಮ ತಂಗಿ ದಿವ್ಯಾನ ನೋಡಕ್ಕೆ ಹುಡುಗನ ಕಡೆಯವರು ಬರ್ತಿದಾರೆ. ಅವ್ರು ಇದೇ ಪೇಪರ್ ತರ್ಸೋದು. ನನ್ ಸಹಿ ತೆಗೆದ್ಬಿಡಿ.”

ಎಲ್ಲರಿಗೂ ತಿಳಿಯುವ ಹಾಗೆ ಕನ್ನಡದಲ್ಲೇ ಹೇಳಿಬಿಡೋಣ ಎಂದು ಸಂಗಮೇಶ ಗಂಟಲು ಸರಿಮಾಡಿಕೊಂಡ.

“ನೋಡಿ, ಆಡ್ ಅಂದ್ರೆ ವಿಚಿತ್ರ ಅಲ್ಲ. ಚಿಲ್ಲರೆ ಅಂತ. ಐವತ್ತು ಚಿಲ್ಲರೆ ಜನ, ಅಷ್ಟೇ.”

ಗೌರಮ್ಮ ಕೈಯಲ್ಲಿದ್ದ ಹೂವಿನ ಬುಟ್ಟಿಯನ್ನು ಕೆಳಗಿಟ್ಟರು. “ಯಾರಪ್ಪಾ ಚಿಲ್ಲರೆ ಜನ? ನಾನಾ? ಚರಂಡಿಗೆ ಬಿದ್ದವಳು ನಾನು, ಕಾಲು ಊದಿಸ್ಕೊಂಡವಳು ನಾನು, ಈಗ ಚಿಲ್ಲರೆಯವಳೂ ನಾನೇನಾ?”

“ಅಲ್ಲಮ್ಮ, ಚಿಲ್ಲರೆ ಅಂದ್ರೆ ಐವತ್ತರ ಮೇಲೆ ಮೂರು ಜನ...”

“ಹಾಗಾದ್ರೆ ಆ ಮೂರು ಚಿಲ್ಲರೆ ಯಾರು ಹೇಳು.”

ಸಹಿಯ ಪಟ್ಟಿಯಲ್ಲಿ ಕೊನೆಯ ಮೂರು ಹೆಸರು ನಾಲ್ಕನೇ ಮಹಡಿಯ ಮೇಘಾ, ಅವಳ ಅತ್ತೆ ಶಿವಲಿಂಗಮ್ಮ ಮತ್ತು ಗೌರಮ್ಮನವರದೇ ಆಗಿದ್ದವು. ಸಂಗಮೇಶ ಅದನ್ನು ಹೇಳುವ ಧೈರ್ಯ ಮಾಡಲಿಲ್ಲ. ಆಫೀಸಿಗೆ ಹೊತ್ತಾಯಿತೆಂದು ಸ್ಕೂಟರ್ ಹತ್ತಿದ. ಅವನು ಪೀಣ್ಯ ಮುಟ್ಟುವುದರೊಳಗೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಹತ್ತೊಂಬತ್ತು ಜನ ಸಹಿ ಹಿಂತೆಗೆದುಕೊಂಡಿದ್ದರು. ಐದು ಗಂಟೆಗೆ ಕೆಳಗೆ ನಿಂತವರೇ ಆ ವಿಚಿತ್ರ ಐವತ್ತು ಎಂದು ಎಲ್ಲರಿಗೂ ಗೊತ್ತಾಗುತ್ತದೆ, ಆದ್ದರಿಂದ ಯಾರೂ ಇಳಿಯಬಾರದು ಎಂದು ಗುರುರಾಜ್ ಬರೆದಿದ್ದ. ಅದಕ್ಕೆ ಮೂವತ್ತೊಂದು ಹೆಬ್ಬೆರಳು ಎದ್ದಿದ್ದವು.

ಆ ದಿನ ಕಾರ್ಖಾನೆಗೆ ಇಂಗ್ಲೆಂಡಿನಿಂದ ಕಾಲಿನ್ಸ್ ಎಂಬ ಗಿರಾಕಿ ಬಂದಿದ್ದ. ಎತ್ತರದ, ಕೆಂಪು ಮೂಗಿನ, ಬಲು ಮೆತ್ತಗೆ ಮಾತಾಡುವ ಮನುಷ್ಯ. ಮಧ್ಯಾಹ್ನ ಊಟದ ಹೊತ್ತಿಗೆ ಸಂಗಮೇಶನಿಗೆ ಹೊಳೆಯಿತು. ಇಂಗ್ಲಿಷಿನ ಜಗಳಕ್ಕೆ ಇಂಗ್ಲಿಷಿನ ಊರಿನವನಿಗಿಂತ ದೊಡ್ಡ ಸಾಕ್ಷಿ ಎಲ್ಲಿ ಸಿಕ್ಕಾನು? ಮೊಸರನ್ನ ತಿನ್ನುತ್ತಿದ್ದ ಕಾಲಿನ್ಸನ ಮುಂದೆ ಪತ್ರಿಕೆ ಹಿಡಿದು, ಇದರ ಅರ್ಥವೇನೆಂದು ಕೇಳಿದ.

ಕಾಲಿನ್ಸ್ ಓದಿದ. ಫಿಫ್ಟಿ ಆಡ್ ಅಂದರೆ ಐವತ್ತೋ ಏನೋ ಅಷ್ಟು, ಇದರಲ್ಲಿ ವಿಚಿತ್ರವೇನೂ ಇಲ್ಲ, ಗೆರೆ ನಮ್ಮೂರಿನ ಪತ್ರಿಕೆಗಳಲ್ಲೂ ಆಗಾಗ ಬಿದ್ದುಹೋಗುತ್ತದೆ ಎಂದ. ಸಂಗಮೇಶ ಕೃತಜ್ಞತೆಯಿಂದ ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದು ಅದನ್ನೇ ಮತ್ತೊಮ್ಮೆ ಹೇಳಿಸಿದ. ಕಾಲಿನ್ಸ್ ಇನ್ನಷ್ಟು ಸ್ಪಷ್ಟವಾಗಲೆಂದು ಕೊನೆಗೆ ತಾನಾಗಿಯೇ ಹೆಚ್ಚುಕಡಿಮೆ ಎಂಬ ಅರ್ಥದ ಒಂದು ಮಾತು ಸೇರಿಸಿದ: “ಫಿಫ್ಟಿ, ಗಿವ್ ಆರ್ ಟೇಕ್.” ಸಂಗಮೇಶ ಅದನ್ನು ಹಾಗೆಯೇ ಗುಂಪಿಗೆ ಕಳಿಸಿ ನೆಮ್ಮದಿಯಿಂದ ಮಜ್ಜಿಗೆ ಕುಡಿದ.

ಮಜ್ಜಿಗೆಯ ಲೋಟ ಕೆಳಗಿಡುವ ಮೊದಲೇ ಆಶಾರಾಣಿಯ ಫೋನು ಬಂತು. “ಏನ್ರೀ ಕಳ್ಸಿದೀರಾ ನೀವು? ಎಲ್ರೂ ನಮ್ಮ ಮನೆ ಬಾಗಿಲಲ್ಲಿದಾರೆ.”

ಹಿಂದಿನಿಂದ ಗುರುರಾಜನ ದನಿ ಕೇಳಿಸುತ್ತಿತ್ತು. “ಮೇಡಂ, ಫಾರಿನ್ನವನೇ ಬಾಯಿಬಿಟ್ಟು ಹೇಳಿದಾನೆ, ಐವತ್ತು, ಕೊಡೋದು ಇಲ್ಲಾ ತಗೊಳ್ಳೋದು ಅಂತ. ಈ ಚಪ್ಪಡಿ ಕೆಲಸದಲ್ಲಿ ಐವತ್ತು ಯಾರು ಕೊಟ್ಟಿದ್ದು, ಯಾರು ತಗೊಂಡಿದ್ದು? ಐವತ್ತು ಸಾವಿರಾನಾ, ಲಕ್ಷಾನಾ?”

“ಎಂಟು ತಿಂಗಳು ಆಗದ್ದು ಒಂದೇ ದಿವಸಕ್ಕ ಹೆಂಗಾತು ಅಂತ ನನಗೂ ಮುಂಜಾನಿಂದ ಅನಸಾಕತ್ತಿತ್ತು” ಎಂದು ಮುರಿಗೆಪ್ಪನವರು ದನಿಗೂಡಿಸಿದರು. “ಇಂಗ್ಲೆಂಡಿನವರು ಸುಳ್ಳ ಹೇಳೂದಿಲ್ರಿ.”

ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಸಂಗಮೇಶ ಅರ್ಧ ದಿನ ರಜೆ ಬರೆದುಕೊಟ್ಟು ಹೊರಬಂದ. ಕಾರ್ಖಾನೆಯ ಗೇಟಿನ ಹತ್ತಿರ ಲಾರಿಗಳ ನೆರಳಲ್ಲಿ ನಿಂತು ಯೋಚಿಸಿದ. ವಿವರಿಸಿದಷ್ಟೂ ವಿಷಯ ಜಾರು ನೆಲದ ಮೇಲೆ ಎಣ್ಣೆ ಚೆಲ್ಲಿದಂತಾಗುತ್ತಿತ್ತು. ಇದಕ್ಕೆ ಮದ್ದು ಒಂದೇ. ಆ ಪದವನ್ನೇ ಕಿತ್ತು ಹಾಕಿ, ಇದ್ದ ಸಂಖ್ಯೆಯನ್ನು ಇದ್ದ ಹಾಗೆ ಬರೆಸಬೇಕು. ಸ್ಫೂರ್ತಿಗೆ ಫೋನು ಮಾಡಿದ.

“ಅಯ್ಯೋ ಸಾರ್, ಅದು ಮಾಮೂಲಿ ಕಣ್ ಸಾರ್” ಎಂದಳು ಅವಳು. “ನಾವು ಎಕ್ಸಾಕ್ಟ್ ನಂಬರ್ ಹಾಕಲ್ಲ. ಐವತ್ಮೂರು ಅಂತ ಹಾಕಿ, ನಾಳೆ ಯಾರೋ ಬಂದು ಐವತ್ತೆರಡೇ ಇದ್ದಿದ್ದು ಅಂದ್ರೆ ಏನ್ ಮಾಡೋದು? ‘ಸಮ್’, ‘ಅಬೌಟ್’, ‘ಆಡ್’, ಹಿಂಗೆ ಏನಾದ್ರೂ ಒಂದು ಸೇರ್ಸಿದ್ರೆ ಯಾರೂ ನಮ್ಮನ್ನ ಹಿಡಿಯಕ್ಕಾಗಲ್ಲ. ನಿಮ್ಗೂ ಸೇಫ್, ನಮ್ಗೂ ಸೇಫ್.”

“ನಂಗೆ ಸೇಫ್ ಬೇಡಮ್ಮ, ಸರಿಯಾಗಿರೋದು ಬೇಕು. ಐವತ್ಮೂರು ಸಹಿ ಇರೋ ಕಾಗದ ಕಳಿಸ್ತೀನಿ. ಒಂದೊಂದಾಗಿ ಎಣಿಸ್ಕೊ.”

ಅವನು ಕಾಗದದ ಫೋಟೊ ಕಳಿಸಿದ. ಮತ್ತೆ ಫೋನು ಮಾಡಿದ. ಸ್ಫೂರ್ತಿ ಮೀಟಿಂಗಿನಲ್ಲಿದ್ದಳು. ಮತ್ತೆ ಮಾಡಿದ. ಐದನೇ ಸಲಕ್ಕೆ ಅವಳು ಸೋತಳು. “ಆಯ್ತು ಸಾರ್. ಆನ್‌ಲೈನಲ್ಲಿ ಈಗ್ಲೇ ಬದಲಾಯಿಸ್ತೀನಿ. ನಾಳೆ ಪ್ರಿಂಟಲ್ಲೂ ತಿದ್ದುಪಡಿ ಹಾಕ್ಸ್ತೀನಿ. ನಿಮ್ಮಷ್ಟು ಹಟ ನಮ್ಮ ಎಡಿಟರ್‌ಗೂ ಇಲ್ಲ.”

ಮೂರೂ ಮುಕ್ಕಾಲಿಗೆ ಪತ್ರಿಕೆಯ ಜಾಲತಾಣದಲ್ಲಿ ‘ಫಿಫ್ಟಿ ಆಡ್’ ಮಾಯವಾಗಿ ಅಂಕಿಯಲ್ಲಿ ಐವತ್ಮೂರು ಎಂದು ಬಂತು. ಸಂಗಮೇಶ ಅದನ್ನು ಹಿಡಿದುಕೊಂಡು ಸೀದಾ ಮುರಿಗೆಪ್ಪನವರ ಮನೆಗೆ ಹೋದ. ಅವರು ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ಓದಿದರು.

“ಇದು ಇಂಗ್ಲಿಷ್” ಎಂದರು ಕೊನೆಗೆ. “ಸ್ವಚ್ಛ ಐತಿ. ಇನ್ನ ಯಾರೂ ವಿಚಿತ್ರ ಅಲ್ಲ.”

ಅಧ್ಯಕ್ಷರ ಒಪ್ಪಿಗೆ ಬಿದ್ದದ್ದೇ ತಡ, ಹಿಂತೆಗೆದುಕೊಂಡ ಸಹಿಗಳು ಒಂದೊಂದಾಗಿ ವಾಪಸ್ಸು ಬಂದವು. ಆದರೂ ಸಂಗಮೇಶ ಒಂದೊಂದು ಮನೆಗೂ ಹೋಗಿ ಬಾಗಿಲು ತಟ್ಟಿ ಕರೆದ. ಗುರುರಾಜನಿಗೆ ಹುಡುಗನ ಕಡೆಯವರಿಗೆ ಕಳಿಸಲು ಹೊಸ ಸುದ್ದಿಯ ಕೊಂಡಿ ಕೊಟ್ಟ. ಗೌರಮ್ಮನ ಮುಂದೆ ಎರಡೂ ಕಿವಿ ಹಿಡಿದುಕೊಂಡು, ಚಿಲ್ಲರೆ ಎಂದದ್ದು ತಪ್ಪಾಯಿತು ಎಂದ. ಕೊಡುವುದು ತೆಗೆದುಕೊಳ್ಳುವುದು ಇಂಗ್ಲೆಂಡಿನಲ್ಲಿ ಬರೀ ಬಾಯಿಮಾತು ಎಂದು ಮೇಘಾಳ ಮನೆಯಲ್ಲಿ ದೇವರ ಫೋಟೊ ಮುಂದೆ ಆಣೆ ಇಟ್ಟ. ನಾಲ್ಕು ಮಹಡಿಯನ್ನು ಎರಡು ಸಲ ಹತ್ತಿ ಇಳಿದು ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಐದು ಗಂಟೆಗೆ ಐವತ್ಮೂರು ಜನವೂ ಕೆಳಗಿದ್ದರು. ಸಂಗಮೇಶ ಎರಡು ಸಲ ಎಣಿಸಿದ್ದ. ಗೌರಮ್ಮ ಫೋಟೊಗೆಂದು ರೇಷ್ಮೆ ಸೀರೆ ಉಟ್ಟಿದ್ದರು. ಮುರಿಗೆಪ್ಪನವರು ಕೋಟು ತೊಟ್ಟು ಮುಂದಿನ ಸಾಲಿನ ನಡುವೆ ನಿಂತಿದ್ದರು.

ಲಾರಿ ಬಂತು. ಹಿಂದೆ ಆರು ಹೊಸ ಚಪ್ಪಡಿ, ಎತ್ತುವ ಯಂತ್ರ, ನಾಲ್ಕು ಜನ ಕೆಲಸಗಾರರು. ಜೀಪಿನಿಂದಿಳಿದ ಶಶಿಕುಮಾರ್ ಎಲ್ಲರಿಗೂ ಕೈಮುಗಿದ. ಗುಂಡಿಯನ್ನು ನೋಡಿ ನಾಲಗೆ ಲೊಚಗುಟ್ಟಿದ. ಫೋಟೊ ತೆಗೆಸಿದ. ಯಂತ್ರ ಮೊದಲ ಚಪ್ಪಡಿಯನ್ನು ಎತ್ತಿ ಗಾಳಿಯಲ್ಲಿ ತೂಗಿಸಿತು. ಸಂಗಮೇಶನಿಗೆ ಎಂಟು ತಿಂಗಳ ಭಾರ ಎದೆಯಿಂದ ಇಳಿದಂತಾಯಿತು.

“ಒಂದೇ ನಿಮಿಷ” ಎಂದ ಶಶಿಕುಮಾರ್. “ಪೇಪರ್ ಸುದ್ದಿ ಕೊಂಡಿ ಸೇರಿಸಿ ಫಾರಂ ಕಳಿಸಿದ್ರೆ ಮುಗೀತು.” ಫೋನಿನಲ್ಲಿ ಬೆರಳಾಡಿಸುತ್ತಿದ್ದವನು ನಿಂತ. ಫೋನನ್ನು ದೂರ ಹಿಡಿದ, ಹತ್ತಿರ ಹಿಡಿದ. “ಏನ್ ಸಾರ್ ಇದು, ಐವತ್ಮೂರು ಅಂತ ಇದೆ? ಬೆಳಿಗ್ಗೆ ಫಿಫ್ಟಿ ಆಡ್ ಅಂತ ಇತ್ತಲ್ಲ?”

“ತಿದ್ದಿಸಿದೀನಿ ಸಾರ್” ಎಂದ ಸಂಗಮೇಶ. ಎದೆ ಸ್ವಲ್ಪ ಮುಂದೆ ಬಂದಿತ್ತು. “ಸರಿಯಾದ ಸಂಖ್ಯೆ ಅದೇ. ಬೇಕಿದ್ರೆ ಎಣಿಸಿ.”

ಶಶಿಕುಮಾರ್ ಹಣೆ ಹಿಡಿದುಕೊಂಡ. “ಯಾರ್ ಸಾರ್ ನಿಮ್ಗೆ ತಿದ್ದಿಸಿ ಅಂದಿದ್ದು? ದೂರು ಕೊಟ್ಟವರು ಐವತ್ತು ಜನದ ಒಳಗಿದ್ರೆ ತುರ್ತು ದುರಸ್ತಿ ಅಂತ ನಾನೇ ಮಾಡ್ಬಹುದು. ಐವತ್ತು ದಾಟಿದ್ರೆ ಅದು ಸಾಮೂಹಿಕ ದೂರು. ದೊಡ್ಡ ಆಫೀಸಿಗೆ ಹೋಗ್ಬೇಕು, ಸರ್ವೆ ಆಗ್ಬೇಕು, ಟೆಂಡರ್ ಕರೀಬೇಕು. ಆಡ್ ಅಂತ ಇದ್ದಿದ್ರೆ ನಾನು ಐವತ್ತು ಅಂತ ಬರ್ಕೊಂಡು ಸುಮ್ನಾಗ್ತಿದ್ದೆ. ಹೆಚ್ಚೂ ಇರಬಹುದು ಕಡಿಮೆನೂ ಇರಬಹುದು, ಯಾರು ಕೇಳ್ತಾರೆ? ಅರ್ಜಿಯ ಸಹಿನ ಆಫೀಸಲ್ಲಿ ಯಾರೂ ಎಣಿಸಿಲ್ಲ, ಮೇಲಿನವರು ನೋಡೋದು ಪೇಪರ್; ಅದ್ರಲ್ಲಿ ಈಗ ಅಂಕಿಯಲ್ಲೇ ಬರೆಸಿಬಿಟ್ಟಿದೀರಿ.”

“ಮೂರು ಜನ ಸಹಿ ವಾಪಸ್ ತಗೊಂಡ್ರೆ?” ಎಂದ ಸಂಗಮೇಶ. ಬೆಳಗಿನಿಂದ ಓಡಿ ಓಡಿ ಬೇಡ ಎಂದದ್ದನ್ನೇ ಈಗ ಬೇಡುತ್ತಿದ್ದ.

“ಐವತ್ಮೂರು ಜನ ನಿಂತಿರೋ ಫೋಟೊ ಈಗ್ತಾನೆ ಕಳಿಸಿದೀನಿ ಸಾರ್.”

ಗಾಳಿಯಲ್ಲಿ ತೂಗುತ್ತಿದ್ದ ಚಪ್ಪಡಿ ಮೆಲ್ಲಗೆ ಲಾರಿಗೇ ಹಿಂತಿರುಗಿತು. ಅದನ್ನು ಐವತ್ಮೂರು ಜೊತೆ ಕಣ್ಣು ನೋಡಿದವು. ಮೊದಲು ಮಾತು ಬಂದದ್ದು ಮುರಿಗೆಪ್ಪನವರಿಗೆ.

“ಸಂಗಮೇಶ, ಆ ಹುಡುಗಿಗೆ ಫೋನ್ ಹಚ್ರಿ. ಮೊದಲ ಇದ್ದಂಗ ಆಡ್ ಅಂತ ಮಾಡಂತ ಹೇಳ್ರಿ. ಆಡ್ ಅನ್ನೂದು ಬಾಳ ಒಳ್ಳೇ ಪದ. ನಾ ಸಾಲ್ಯಾಗೂ ಅದನ್ನ ಹೇಳಿಕೊಡ್ತಿದ್ದೆ.”

“ನಂದೂ ಅಭ್ಯಂತರ ಇಲ್ಲ” ಎಂದ ಗುರುರಾಜ್.

“ಆಡು ಅಂತ್ಲಾದ್ರೂ ಬರೀಲಿ, ಮೇಕೆ ಅಂತ್ಲಾದ್ರೂ ಬರೀಲಿ” ಎಂದರು ಗೌರಮ್ಮ. “ನಂಗೆ ಚಪ್ಪಡಿ ಬೇಕಪ್ಪಾ.”

ಸಂಗಮೇಶ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಫೋನು ಮಾಡಿದ. ಸ್ಫೂರ್ತಿ ಮೊದಲ ರಿಂಗಿಗೇ ಎತ್ತಿದಳು.

“ಸಾರ್, ನಾನೇ ಮಾಡೋಳಿದ್ದೆ. ನಿಮ್ಮ ಪುಟ ಪ್ರಿಂಟಿಗೆ ಹೋಯ್ತು. ತಿದ್ದುಪಡಿ ಬಾಕ್ಸ್ ಹಾಕಿ ಚೆನ್ನಾಗಿ ಬಂದಿದೆ. ‘ನಿವಾಸಿಗಳ ಸಂಖ್ಯೆ ಸರಿಯಾಗಿ ಐವತ್ಮೂರು, ಒಬ್ಬರು ಹೆಚ್ಚಿಲ್ಲ, ಒಬ್ಬರು ಕಡಿಮೆಯಿಲ್ಲ ಎಂದು ಕಾರ್ಯದರ್ಶಿ ಸಂಗಮೇಶ್ ಒತ್ತಿ ಹೇಳಿದ್ದಾರೆ’ ಅಂತ. ನಿಮ್ಮ ಹೆಸರಿನ ಸ್ಪೆಲ್ಲಿಂಗ್ ಕೂಡ ಎರಡು ಸಲ ಚೆಕ್ ಮಾಡಿದೀನಿ. ಖುಷಿನಾ ಸಾರ್?”

ಶಶಿಕುಮಾರ್ ಲಾರಿಯವನಿಗೆ ಕೈಸನ್ನೆ ಮಾಡಿದ. ತಂದ ಚಪ್ಪಡಿಯನ್ನು ಎಲ್ಲಾದರೂ ಇಳಿಸಲೇಬೇಕಲ್ಲ. ಪಕ್ಕದ ಬೀದಿಯ ‘ಸೆವೆರಲ್ ರೆಸಿಡೆಂಟ್ಸ್’ ಎಷ್ಟು ಜನ ಎಂದು ಯಾರೂ ಎಣಿಸಿರಲಿಲ್ಲ, ಯಾರೂ ತಿದ್ದಿಸಿಯೂ ಇರಲಿಲ್ಲ. ಲಾರಿ ಅತ್ತ ತಿರುಗಿತು. ನಂದಾದೀಪದವರು ಒಬ್ಬೊಬ್ಬರಾಗಿ ಸಂಗಮೇಶನ ಮುಖ ನೋಡಿ ಲಿಫ್ಟಿನ ಕಡೆ ನಡೆದರು.

ಅವನೊಬ್ಬನೇ ಗುಂಡಿಯ ಪಕ್ಕ ಉಳಿದ. ಅರ್ಧ ಗಂಟೆಯಲ್ಲಿ ಪಕ್ಕದ ಬೀದಿಯಿಂದ ಚಪ್ಪಡಿ ಕೂರಿಸುವ ಸದ್ದು, ನಗು, ಯಾರೋ ಎಲ್ಲರಿಗೂ ಟೀ ಹಂಚುತ್ತಿದ್ದ ಗದ್ದಲ ಕೇಳಿಬಂತು. ಆ ಬೀದಿಯ ಹಿರಿಯರೊಬ್ಬರು ಮೂಲೆಯಿಂದ ಇಣುಕಿದರು.

“ಸಾರ್, ನೀವು ಅಳತೆಯವರಂತಲ್ಲ. ಕೊನೇ ಚಪ್ಪಡಿ ಯಾಕೋ ಒಂಚೂರು ವಾಲಿದಂಗೆ ಕಾಣ್ತಿದೆ. ಬಂದು ನೋಡ್ತೀರಾ?”

ಹೋಗಬಾರದೆಂದು ಸಂಗಮೇಶ ಒಂದು ನಿಮಿಷ ಗಟ್ಟಿಯಾಗಿ ನಿಂತ. ಆಮೇಲೆ ಗುಂಡಿಯನ್ನು ಬಳಸಿಕೊಂಡು ಹೋಗಿ, ಹೊಸ ಚಪ್ಪಡಿಯ ಮುಂದೆ ಮಂಡಿಯೂರಿ, ಕಣ್ಣು ಕಿರಿದು ಮಾಡಿ ನೋಡಿದ.

“ಎಡಗಡೆ ನಾಲ್ಕು ಮಿಲಿಮೀಟರ್ ಎತ್ತಬೇಕು” ಎಂದ.

ಅವರು ಎತ್ತಿದರು. ಚಪ್ಪಡಿ ಸರಿಯಾಗಿ ಕೂತಿತು.